ಮೂರು ಬೆರಳಿನ ಲೆಕ್ಕ

ಕಳೆದ ದೀಪಾವಳಿ ರಜೆಯ ಒಂದು ಸಂಜೆ ನಮ್ಮ ಮನೆಯ ಮಾಳಿಗೆಯ ಮೇಲೆ ಮಾವಿನಹಣ್ಣಿನ ವಾಸನೆ ಬಂತು. ಮಾವಿನ ಕಾಲ ಮುಗಿದು ತಿಂಗಳುಗಳೇ ಆಗಿದ್ದವು. ಮನೆಗೆ ಯಾರೂ ಹಣ್ಣು ತಂದಿರಲಿಲ್ಲ. ನನಗೀಗ ಎಪ್ಪತ್ನಾಲ್ಕು ವರ್ಷ. ಕಣ್ಣು, ಕಿವಿ ಸ್ವಲ್ಪ ಕೈಕೊಟ್ಟಿವೆ, ಮೂಗು ಮಾತ್ರ ಇನ್ನೂ ಚುರುಕಾಗಿದೆ. ಒಣಗಲು ಹಾಕಿದ್ದ ಧೋತರ ತರಲೆಂದು ಮೆಟ್ಟಿಲು ಹತ್ತಿದವನು ಅಲ್ಲೇ ನಿಂತೆ.

ನೀರಿನ ಟಾಕಿಯ ಮರೆಯಲ್ಲಿ ನನ್ನ ಮೊಮ್ಮಗ ಕುಳಿತಿದ್ದ. ಒಂಬತ್ತನೆಯ ತರಗತಿಯ ಹುಡುಗ. ನನ್ನನ್ನು ಕಂಡವನೇ ಏನನ್ನೋ ಜೇಬಿಗೆ ತುರುಕಿದ.

"ಏನದು ತಮ್ಮಾ?"

"ಪೆನ್ನು, ಮುತ್ಯಾ."

"ಮಾವಿನಹಣ್ಣಿನ ವಾಸನಿ ಬರೋ ಪೆನ್ನೇನು? ತೋರ್ಸು."

ಅವನು ತೆಗೆದು ಕೊಟ್ಟ. ನೇರಳೆ ಬಣ್ಣದ, ಹೆಬ್ಬೆರಳಿನಷ್ಟು ದಪ್ಪದ, ನುಣುಪಾದ ವಸ್ತು. ಒಂದು ತುದಿಯಲ್ಲಿ ಪುಟ್ಟ ದೀಪ. ಮಕ್ಕಳ ಆಟಿಕೆಯಂತೆಯೇ ಇತ್ತು. ಗೆಳೆಯನೊಬ್ಬನ ಅಣ್ಣ ಕೊಟ್ಟದ್ದಂತೆ. ಇದಕ್ಕೆ ವೇಪ್ ಅನ್ನುತ್ತಾರಂತೆ, ಇ-ಸಿಗರೇಟು ಅಂದರೂ ಅದೇ.

"ಆದರ ಮುತ್ಯಾ, ಇದು ಸಿಗರೇಟ್ ಅಲ್ಲ. ಇದರಾಗ ಹೊಗಿ ಇಲ್ಲ, ಬೂದಿ ಇಲ್ಲ. ಬರೇ ಮಾವಿನಹಣ್ಣಿನ ಉಗಿ."

ನನಗೆ ಸಿಟ್ಟು ಬಂತು. ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗ ನೆಲ ನೋಡುತ್ತ ಮೆಲ್ಲಗೆ ಅಂದ: "ನಿಮ್ಮ ಚಂಚಿ ನಿಮ್ಮ ಕಿಸೆದಾಗ ಐತಲ್ಲ?"

ನನ್ನ ಕೈ ತಾನಾಗಿಯೇ ಜುಬ್ಬಾದ ಕಿಸೆಯ ಮೇಲೆ ಹೋಯಿತು. ಎಲೆ, ಅಡಕೆ, ಸುಣ್ಣ, ತಂಬಾಕು, ಎಲ್ಲವೂ ಅಲ್ಲೇ ಇದ್ದವು. ಬೈಯಬೇಕೆಂದು ತೆರೆದ ಬಾಯಿ ಮುಚ್ಚಿಕೊಂಡಿತು.

ಈ ವಿಷಯವನ್ನು ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ನನ್ನ ಹೆಸರು ಹಾಕಬ್ಯಾಡ್ರಿ" ಎಂಬುದೊಂದೇ ಅವನ ಕರಾರು.

ನಾನು ಹುಟ್ಟಿ ಬೆಳೆದದ್ದು ವಿಜಯಪುರದ ಮಗ್ಗುಲಲ್ಲೇ ಇರುವ ಭೂತನಾಳದಲ್ಲಿ. ಏಳೆಂಟು ವರ್ಷದವನಿದ್ದಾಗ ನನ್ನ ಮುತ್ಯಾ ನನ್ನ ಅಂಗೈಯಲ್ಲಿ ಐದು ನಯೇ ಪೈಸೆ ಇಟ್ಟು, "ಓಡು, ತಂಬಾಕ ತಗೊಂಡು ಬಾ" ಅನ್ನುತ್ತಿದ್ದರು. ತಂದುಕೊಟ್ಟರೆ ಬಹುಮಾನವಾಗಿ ತಮ್ಮ ಡಬ್ಬಿಯಿಂದ ಏಲಕ್ಕಿ ವಾಸನೆಯ ಸಿಹಿ ಅಡಕೆಯ ನಾಲ್ಕು ಚೂರು ಕೊಡುತ್ತಿದ್ದರು. ಎಷ್ಟು ರುಚಿ! ಅದಕ್ಕಾಗಿಯೇ ನಾನು ಓಡುತ್ತಿದ್ದೆ.

ಹತ್ತನೆಯ ವಯಸ್ಸಿನಲ್ಲಿ ಒಮ್ಮೆ ಕದ್ದು ಬರೀ ತಂಬಾಕು ಬಾಯಿಗೆ ಹಾಕಿಕೊಂಡೆ. ತಲೆ ಗಿರ್ರನೆ ತಿರುಗಿತು. ಕೊಟ್ಟಿಗೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಇನ್ನೆಂದೂ ಅದನ್ನು ಮುಟ್ಟುವುದಿಲ್ಲವೆಂದು ಆಣೆ ಹಾಕಿದೆ. ಆದರೆ ಸಿಹಿ ಅಡಕೆ ಬಿಡಲಿಲ್ಲ. ಬಿ.ಕಾಂ. ಓದುವಾಗ ಅಡಕೆಯ ಜೊತೆ ಎಲೆ ಬಂತು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದ ಮೇಲೆ, ಎಲೆಯೊಳಗೆ ಗುಲಾಬಿ ವಾಸನೆಯ ಜರ್ದಾ ಬಂತು. ಅರ್ಧ ವಾರ್ಷಿಕ ಲೆಕ್ಕದ ದಿನಗಳಲ್ಲಿ ರಾತ್ರಿ ಹನ್ನೊಂದರವರೆಗೆ ಲೆಜರ್ ತಾಳೆ ನೋಡುವಾಗ ನಿದ್ದೆ ಬಾರದಿರಲೆಂದು ಒಂದು, ಲೆಕ್ಕ ಸರಿಹೋದರೆ ಖುಷಿಗೆಂದು ಇನ್ನೊಂದು. ಕಡೆಗೆ ವಾಸನೆ, ಸಿಹಿ ಎಲ್ಲ ಕಳಚಿ ಬರೀ ತಂಬಾಕು-ಸುಣ್ಣ ಉಳಿಯಿತು. ಹತ್ತನೆಯ ವಯಸ್ಸಿನಲ್ಲಿ ವಾಂತಿ ಮಾಡಿಸಿದ ಅದೇ ವಸ್ತು, ಮೂವತ್ತನೆಯ ವಯಸ್ಸಿನಲ್ಲಿ ಅರ್ಧ ಗಂಟೆ ಬಿಟ್ಟಿರಲಾಗದ ವಸ್ತುವಾಯಿತು.

ಇದನ್ನು ನನ್ನ ಕಸುಬಿನ ಮಾತಿನಲ್ಲೇ ಹೇಳುತ್ತೇನೆ. ಕೌಂಟರಿಗೆ ಒಂದು ಚೆಕ್ ಬರುತ್ತದೆ. ಸಹಿ ತಾಳೆಯಾಗದಿದ್ದರೆ ಗುಮಾಸ್ತ ಅದನ್ನು ವಾಪಸ್ಸು ಮಾಡಬೇಕು. ನಮ್ಮ ದೇಹವೂ ಅಂಥ ಗುಮಾಸ್ತನೇ. ತಂಬಾಕಿನ ಖಾರ, ಕಹಿ ಬಂದ ಕೂಡಲೇ ಕೆಮ್ಮಿ, ವಾಂತಿ ಮಾಡಿ ಹಿಂದಕ್ಕೆ ಕಳಿಸುತ್ತದೆ. ಏಲಕ್ಕಿ, ಗುಲಾಬಿ, ಪುದೀನಾ, ಮಾವಿನಹಣ್ಣು, ಇವೆಲ್ಲ ಖೊಟ್ಟಿ ಸಹಿ ಇದ್ದಂತೆ. ಸಹಿ ನೋಡಿ ಗುಮಾಸ್ತ ಮೋಸಹೋಗುತ್ತಾನೆ, ಚೆಕ್ ಪಾಸಾಗುತ್ತದೆ. ವಾಸನೆ ಬೆರೆಸುವುದು ಹಳೆಯ ಚಟಗಾರರಿಗಾಗಿ ಅಲ್ಲ, ಅವರಿಗೆ ಅದರ ಅಗತ್ಯವೇ ಇಲ್ಲ. ಅದು ಹೊಸ ಬಾಯಿಗಳಿಗಾಗಿ, ಅಂದರೆ ಮಕ್ಕಳಿಗಾಗಿ.

ಆ ಸಂಜೆ ಮಾಳಿಗೆಯ ಮೇಲೆ ಕನ್ನಡಕ ಹಾಕಿಕೊಂಡು ಆ ನೇರಳೆ ಪೆನ್ನಿನ ಮೇಲಿನ ಸಣ್ಣ ಅಕ್ಷರ ಓದಿದೆ. ನಿಕೋಟಿನ್ 5%, ದ್ರವ 2 ಮಿಲಿಲೀಟರ್ ಎಂದಿತ್ತು.

"ಐದ ಪರ್ಸೆಂಟ್ ಮುತ್ಯಾ, ಬಾಳ ಕಡಿಮಿ" ಅಂದ ಹುಡುಗ.

ಬ್ಯಾಂಕಿನವನ ಮುಂದೆ ಪರ್ಸೆಂಟಿನ ಮಾತೇ? "ಪಾಟಿ-ಪೆನ್ಸಿಲ್ ತಗೊಂಡು ಬಾ" ಅಂದೆ. ನೂರಕ್ಕೆ ಐದು ಅಂದರೆ ಒಂದು ಮಿಲಿಲೀಟರಿಗೆ ಸುಮಾರು 50 ಮಿಲಿಗ್ರಾಂ. ಎರಡು ಮಿಲಿಲೀಟರಿಗೆ 100 ಮಿಲಿಗ್ರಾಂ. ಒಂದು ಸಿಗರೇಟು ಸೇದಿದವನ ದೇಹಕ್ಕೆ ಸೇರುವ ನಿಕೋಟಿನ್ ಸುಮಾರು 1ರಿಂದ 2 ಮಿಲಿಗ್ರಾಂ. ಪೆನ್ನಿನಲ್ಲಿರುವುದೆಲ್ಲ ದೇಹಕ್ಕೆ ಸೇರದು, ಅರ್ಧವೇ ಸೇರಿತೆನ್ನೋಣ. "ಎಷ್ಟ ಸಿಗರೇಟ ಆತು?"

ಹುಡುಗ ಬರೆದ, ಅಳಿಸಿದ, ಮತ್ತೆ ಬರೆದ. "ಇಪ್ಪತ್ತೈದು... ಐವತ್ತು." ಆಮೇಲೆ ಅವನು ಮಾತಾಡಲಿಲ್ಲ.

ಮಕ್ಕಳೇ, ನೀವೂ ತಿಳಿದಿರಲಿ. ಆ ಪೆನ್ನಿನಲ್ಲಿ ಒಂದು ಬ್ಯಾಟರಿ, ಕಾಯುವ ಒಂದು ತಂತಿಸುರುಳಿ, ಒಂದಿಷ್ಟು ದ್ರವ ಇರುತ್ತವೆ. ದ್ರವದಲ್ಲಿ ಇರುವುದು ಗ್ಲಿಸರಿನ್‌ನಂಥ ವಸ್ತು, ವಾಸನೆಯ ರಾಸಾಯನಿಕ ಮತ್ತು ನಿಕೋಟಿನ್. ತಂತಿ ಕಾದು ದ್ರವ ಉಗಿಯಾಗುತ್ತದೆ. ತಂಬಾಕು ಗಿಡವನ್ನು ಚಟದ ಗಿಡ ಮಾಡಿರುವುದು ಈ ನಿಕೋಟಿನ್ನೇ. ಮನುಷ್ಯನ ಮೆದುಳು ಸುಮಾರು 25ನೆಯ ವಯಸ್ಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಬೆಳೆಯುವ ಮೆದುಳಿಗೆ ಚಟ ಬೇಗ ಅಂಟುತ್ತದೆ, ಬಿಡುವುದು ಕಷ್ಟ.

ಮರುದಿನ ಬೆಳಿಗ್ಗೆ ಅವನನ್ನು ಭೂತನಾಳ ಕೆರೆಯ ಏರಿಯ ಕಡೆ ತಿರುಗಾಡಲು ಕರೆದುಕೊಂಡು ಹೋದೆ. ಅಲ್ಲಿ ಕುಳಿತು ಅವನಿಗೆ ನಮ್ಮ ಊರಿನದೇ ಒಂದು ಹಳೆಯ ಸಂಗತಿ ಹೇಳಿದೆ.

ಗೋಳಗುಮ್ಮಟ ಕಟ್ಟಿಸಿದ ಮಹಮ್ಮದ್ ಆದಿಲ್‌ಶಾಹನ ತಂದೆ ಎರಡನೆಯ ಇಬ್ರಾಹಿಂ ಆದಿಲ್‌ಶಾಹ. ಅವನ ಕಾಲದಲ್ಲಿ, 1604ರ ಸುಮಾರಿಗೆ, ಆಗ್ರಾದ ಅಕ್ಬರ ಬಾದಶಾಹನ ರಾಯಭಾರಿ ಅಸದ್ ಬೇಗ್ ನಮ್ಮ ವಿಜಯಪುರಕ್ಕೆ ಬಂದಿದ್ದ. ಪೋರ್ಚುಗೀಸರು ಸಮುದ್ರ ದಾಟಿಸಿ ತಂದ ತಂಬಾಕು ಆಗಲೇ ನಮ್ಮ ಪೇಟೆಯಲ್ಲಿತ್ತು. ಅಸದ್ ಬೇಗ್ ಅದನ್ನು ಅದುವರೆಗೆ ಕಂಡಿರಲಿಲ್ಲ. ಒಂದಿಷ್ಟು ಕೊಂಡ, ಸೇದಲು ರತ್ನ ಕೆತ್ತಿದ ಚೆಂದದ ಕೊಳವೆಯನ್ನೂ ಮಾಡಿಸಿದ. ತಟ್ಟೆಯಲ್ಲಿಟ್ಟು ಬಾದಶಾಹನಿಗೆ ಒಪ್ಪಿಸಿದ. ಅಕ್ಬರ ಎರಡು ಮೂರು ಸಲ ಎಳೆದು ನೋಡುವಷ್ಟರಲ್ಲಿ ಅವನ ಹಕೀಮ ಅಡ್ಡ ಬಂದ. ನಮ್ಮ ಹಿರಿಯ ವೈದ್ಯರು ಪರೀಕ್ಷೆ ಮಾಡದ ವಸ್ತು ಇದು, ಬೇಡ ಎಂದ. ಆಸ್ಥಾನದಲ್ಲಿ ದೊಡ್ಡ ವಾದವೇ ನಡೆಯಿತು. ಅಕ್ಬರ ಅದನ್ನು ರೂಢಿ ಮಾಡಿಕೊಳ್ಳಲಿಲ್ಲ. ಆದರೆ ಅಸದ್ ಬೇಗ್ ಸರದಾರರಿಗೆಲ್ಲ ಹಂಚಿದ, ವ್ಯಾಪಾರಿಗಳು ತರಿಸಿ ಮಾರತೊಡಗಿದರು. 1617ರಲ್ಲಿ ಅಕ್ಬರನ ಮಗ ಜಹಾಂಗೀರ ತಂಬಾಕು ಸೇದಬಾರದೆಂದು ಅಪ್ಪಣೆ ಮಾಡಿದ. ಅಷ್ಟರಲ್ಲಿ ಕಾಲ ಮಿಂಚಿತ್ತು.

"ಅಂದ್ರ ಅಕ್ಬರನ ದರಬಾರಕ್ಕ ತಂಬಾಕ ಹೋಗಿದ್ದು ನಮ್ಮೂರಿಂದ?" ಹುಡುಗನಿಗೆ ಆಶ್ಚರ್ಯ.

"ಹೌದು. ಬರೀ ಎಲಿ ಒಯ್ದಿದ್ರ ಯಾರೂ ಮೂಸಿ ನೋಡ್ತಿರಲಿಲ್ಲ. ರತ್ನದ ಕೊಳವಿ ನೋಡಿ ಎಲ್ಲಾರಿಗೂ ಆಸಿ ಆತು. ನಿನ್ನ ನೇರಳಿ ಪೆನ್ನೂ ಅದ ಕೊಳವಿ."

ಕಾಯಿದೆಗಳ ಕಥೆಯೂ ಹಾಗೆಯೇ ಇದೆ. ನಾನು ನಿವೃತ್ತನಾದ ಮೇಲೆ, 2013ರ ಮೇ ಕೊನೆಯಲ್ಲಿ, ಕರ್ನಾಟಕ ಸರ್ಕಾರ ಗುಟ್ಕಾ ನಿಷೇಧಿಸಿತು. ನೆರೆಯ ಮಹಾರಾಷ್ಟ್ರ ಅದರ ಹಿಂದಿನ ವರ್ಷವೇ ನಿಷೇಧಿಸಿತ್ತು. ತಿನ್ನುವ ಪದಾರ್ಥದೊಳಗೆ ತಂಬಾಕು ಬೆರೆಸಬಾರದು ಎಂಬ ಆಹಾರ ಸುರಕ್ಷತೆಯ ನಿಯಮವೇ ಅದಕ್ಕೆ ಆಧಾರ. ಸ್ವಲ್ಪ ದಿನದಲ್ಲೇ ಅಂಗಡಿಗಳಲ್ಲಿ ಒಂದರ ಪಕ್ಕ ಒಂದು ಎರಡು ಪಾಕೀಟು ತೂಗಾಡತೊಡಗಿದವು. ಒಂದರಲ್ಲಿ ಘಮಘಮಿಸುವ ಪಾನ್ ಮಸಾಲಾ, ಇನ್ನೊಂದರಲ್ಲಿ ತಂಬಾಕು. ಕಾರ್ಖಾನೆಯವನು ಬೆರೆಸುವುದನ್ನು ಗಿರಾಕಿಯೇ ಅಂಗೈಯಲ್ಲಿ ಬೆರೆಸಿಕೊಂಡ. ಕಾಯಿದೆಯ ಮಾತು ಉಳಿಯಿತು, ಗುಟ್ಕಾನೂ ಉಳಿಯಿತು.

ಇ-ಸಿಗರೇಟಿನ ವಿಷಯದಲ್ಲಿ ನಮ್ಮ ರಾಜ್ಯ ಮುಂದಿತ್ತು. 2016ರಲ್ಲೇ ಕರ್ನಾಟಕ ಅದನ್ನು ನಿಷೇಧಿಸಿತು. 2019ರಲ್ಲಿ ಇಡೀ ದೇಶಕ್ಕೆ ಕಾಯಿದೆ ಬಂತು. ತಯಾರಿಸುವುದು, ತರಿಸುವುದು, ಮಾರುವುದು, ಜಾಹೀರಾತು ಕೊಡುವುದು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಸೆರೆಮನೆ, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಾಗಿದ್ದೂ ಅದು ನಮ್ಮ ಮಾಳಿಗೆಯನ್ನು ಹತ್ತಿತ್ತು.

ಸಿಗರೇಟು, ಬೀಡಿ, ತಂಬಾಕಿಗೆ 2003ರ ಕಾಯಿದೆ ಇದೆ. 18 ವರ್ಷದೊಳಗಿನವರಿಗೆ ಮಾರುವಂತಿಲ್ಲ, ಶಾಲೆಯಿಂದ 100 ಗಜದೊಳಗೆ ಮಾರುವಂತಿಲ್ಲ ಎಂದು ಅದು ಹೇಳಿತು. ಕರ್ನಾಟಕ ಅದಕ್ಕೆ ತಿದ್ದುಪಡಿ ತಂದಿತು. ವಿಧಾನಮಂಡಲ 2024ರಲ್ಲಿ ಒಪ್ಪಿದ್ದಕ್ಕೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಈಗ ನಮ್ಮ ರಾಜ್ಯದಲ್ಲಿ 21 ವರ್ಷ ತುಂಬದವರಿಗೆ ಮಾರುವಂತಿಲ್ಲ. ಶಾಲೆಯಿಂದ 100 ಮೀಟರ್ ದೂರ ಇರಬೇಕು. ಬಿಡಿ ಸಿಗರೇಟು ಮಾರುವಂತಿಲ್ಲ. ಹಣ್ಣಿನ ವಾಸನೆಯ ಹೊಗೆ ಎಳೆಯುವ ಹುಕ್ಕಾ ಬಾರುಗಳಿಗೆ ಬೀಗ.

"ಇಪ್ಪತ್ತೊಂದ ಆದ ಮ್ಯಾಲೆ?" ಎಂದು ಮೊಮ್ಮಗ ಕಣ್ಣು ಮಿಟುಕಿಸಿದ.

"ಅಷ್ಟೊತ್ತಿಗೆ ನಿನಗ ಬುದ್ಧಿ ಬಂದಿರತೈತಿ" ಅಂದೆ. ಬರಲಿ ಎಂದೇ ಆ ವಯಸ್ಸು ಇಟ್ಟಿರಬೇಕು.

ರಜೆ ಮುಗಿದ ಮೇಲೆ ಒಂದು ಸಂಜೆ ಇಬ್ಬರೂ ಅವನ ಶಾಲೆಯ ಗೇಟಿನಿಂದ ಹೆಜ್ಜೆ ಎಣಿಸುತ್ತ ಹೊರಟೆವು. ನನ್ನ ಹೆಜ್ಜೆ ಸುಮಾರು ಎರಡು ಅಡಿ. ನೂರು ಮೀಟರಿಗೆ 164 ಹೆಜ್ಜೆ ಆಗಬೇಕು. ಅರವತ್ತನೆಯ ಹೆಜ್ಜೆಗೇ ಒಂದು ಪಾನಂಗಡಿ ಬಂತು. ಚಾಕಲೇಟು, ಚಿಪ್ಸು, ಪೆಪ್ಪರಮೆಂಟು, ಅವುಗಳ ನಡುವೆಯೇ ಬಣ್ಣಬಣ್ಣದ ತಂಬಾಕಿನ ಪಾಕೀಟುಗಳ ಮಾಲೆ. ಅದೂ ಮಕ್ಕಳ ಕಣ್ಣಿನ ಎತ್ತರಕ್ಕೆ. ದೊಡ್ಡವರು ನೋಡಬೇಕಾದರೆ ಬಗ್ಗಬೇಕು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ನನ್ನ ಮುತ್ಯಾ ನನ್ನನ್ನು ಓಡಿಸಿದಂತೆ ನಾನೂ ಈ ಹುಡುಗನನ್ನು ಏಳನೆಯ ವಯಸ್ಸಿನಿಂದ ತಂಬಾಕಿಗೆ ಓಡಿಸಿದ್ದೆ. ಉಳಿದ ಚಿಲ್ಲರೆ ಅವನಿಗೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ಅವನು ಬರಿಗೈಯಲ್ಲಿ ಬಂದ. "ಸಣ್ಣ ಹುಡುಗರ ಕೈಯಾಗ ಕೊಡಂಗಿಲ್ಲ ಅಂದ್ರು." ನಾನು ಚಪ್ಪಲಿ ಮೆಟ್ಟಿಕೊಂಡು ಹೋದೆ. ನಮ್ಮ ಓಣಿಯ ಸಣ್ಣ ಅಂಗಡಿ. ನಾಲ್ಕು ಜನರ ಮುಂದೆ ಆ ಹುಡುಗನನ್ನು ತರಾಟೆಗೆ ತೆಗೆದುಕೊಂಡೆ. "ತಿನ್ನಾಂವ ನಾನು, ಅವನಲ್ಲ. ನನಗ ಕಾಯ್ದೆ ಹೇಳ್ತಿ ಏನೋ?" ಅವನು ತಲೆ ತಗ್ಗಿಸಿ ನಿಂತಿದ್ದ.

ಮೂವತ್ತೇಳು ವರ್ಷ ಕೌಂಟರಿನ ಹಿಂದೆ ಕುಳಿತವನು ನಾನು. ಸಹಿ ತಪ್ಪಿದ ಚೆಕ್ಕು ವಾಪಸ್ಸು ಮಾಡಿದ್ದಕ್ಕೆ ಎಷ್ಟು ಜನ ಬೈದಿದ್ದಾರೆ! "ನನಗ ಗುರ್ತ ಹಿಡಿಯೂದಿಲ್ಲೇನು?" ಅಂದಿದ್ದಾರೆ. ಗುರುತು ಇದ್ದರೂ ಸಹಿ ಸರಿ ಇರಬೇಕು ಎಂದು ನಾನು ಗಟ್ಟಿಯಾಗಿ ಕುಳಿತಿದ್ದೆ. ಅದನ್ನೇ ಆ ಅಂಗಡಿಯ ಹುಡುಗ ಮಾಡಿದಾಗ ಅವನನ್ನು ಬೈದೆ. ಸರ್ಕಾರ ಬರೆದ ಕಾಯಿದೆ ಕೆಲಸಕ್ಕೆ ಬರುವುದು, ಕೌಂಟರಿನ ಹಿಂದಿರುವ ಒಬ್ಬ ಮನುಷ್ಯ "ಇಲ್ಲ" ಅಂದಾಗ. ಆ "ಇಲ್ಲ"ವನ್ನು ಮುರಿಯುವವರು ಎಷ್ಟೋ ಸಲ ಮಕ್ಕಳಲ್ಲ, ನನ್ನಂಥ ಹಿರಿಯರು.

ಶಾಲೆಯ ಹತ್ತಿರ ಹೆಜ್ಜೆ ಎಣಿಸಿ ಬಂದ ದಿನವೇ ಆ ಅಂಗಡಿಗೆ ಹೋದೆ. "ತಪ್ಪಾತಪ್ಪಾ" ಅಂದೆ.

ಅವನು ನಕ್ಕ. "ಬಯ್ಯೋರು ಬಾಳ ಮಂದಿ ಅದಾರ್ರೀ ಕಾಕಾರ. ತಿರುಗಿ ಬಂದಾವ್ರು ನೀವೊಬ್ರ."

ಇನ್ನೊಂದು ಗುಟ್ಟು ನನ್ನಲ್ಲಿತ್ತು. ಮೂರು ವರ್ಷದ ಹಿಂದೆ ಹಲ್ಲು ತೋರಿಸಲು ಹೋದಾಗ ವೈದ್ಯರು, "ಬಾಯಿ ತೆರೀರಿ, ನಿಮ್ಮವೇ ಮೂರು ಬೆರಳು ಒಂದರ ಮ್ಯಾಲ ಒಂದು ಬರೂ ಹಂಗ ಒಳಗ ಹಾಕ್ರಿ" ಅಂದಿದ್ದರು. ಆರೋಗ್ಯವಂತರಿಗೆ ಸಾಮಾನ್ಯವಾಗಿ ಮೂರೂ ಬೆರಳು ಹೋಗುತ್ತವೆ. ನನಗೆ ಎರಡೇ ಹೋದವು. ಅಡಕೆ ಅಗಿದು ಅಗಿದು ಕೆನ್ನೆಯ ಒಳಪದರ ಗಡುಸಾಗಿ ಬಿಗಿದುಕೊಂಡಿದೆ, ಮುಂದೆ ಇದು ಕ್ಯಾನ್ಸರಿಗೆ ತಿರುಗಬಹುದು ಎಂದರು. ತಂಬಾಕು ಬಿಟ್ಟು ಬರೀ ಅಡಕೆ ತಿಂದರೂ ಅಪಾಯವೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಕೆಯನ್ನೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ನನ್ನ ಕೆನ್ನೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಇಲ್ಲವೆಂದು ಬಂತು. "ಇವತ್ತೇ ಬಿಡಬೇಕು" ಅಂದರು. ನಾನು ಬಿಡಲಿಲ್ಲ. ಮನೆಯಲ್ಲೂ ಹೇಳಲಿಲ್ಲ.

ಕಟಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನತೊಡಗಿದೆ. ಹಲ್ಲು ನೋವು ಅಂದೆ. ಶೇಂಗಾ ಹಿಂಡಿ ಬಾಯಿಗಿಟ್ಟರೆ ಉರಿ ಹತ್ತುತ್ತಿತ್ತು. ಖಾರ ಜಾಸ್ತಿ ಆಗಿದೆ ಎಂದು ಮನೆಯವಳ ಮೇಲೆ ಹಾಕಿದೆ. ಪಾಪ, ಅವಳು ಮೂರು ವರ್ಷದಿಂದ ಹಿಂಡಿಗೆ ಖಾರ ಕಡಿಮೆ ಮಾಡುತ್ತಲೇ ಬಂದಿದ್ದಳು.

ಆ ರಾತ್ರಿ ಊಟಕ್ಕೆ ಕುಳಿತಾಗ ಮಗ, ಸೊಸೆ, ಮನೆಯವಳು ಎಲ್ಲರೂ ಇದ್ದರು. ನಾನು ಮೊದಲು ನನ್ನ ಗುಟ್ಟು ಹೇಳಿದೆ. ಎಲ್ಲರ ಮುಂದೆ ಬಾಯಿ ತೆರೆದು ಬೆರಳು ಹಾಕಿ ತೋರಿಸಿದೆ. ಮೂರನೆಯ ಬೆರಳು ಹೊರಗೇ ಉಳಿಯಿತು. ಮನೆಯವಳು ಏನೂ ಮಾತಾಡದೆ ಎದ್ದು ಒಳಗೆ ಹೋದಳು. ಮೊಮ್ಮಗ ಒಂದು ಗಳಿಗೆ ಸುಮ್ಮನಿದ್ದವನು, ಎದ್ದು ಹೋಗಿ ನೇರಳೆ ಪೆನ್ನು ತಂದು ಅಪ್ಪನ ಮುಂದೆ ಇಟ್ಟ. ನನ್ನ ಮಗನ ಕೈ ಮೇಲೆದ್ದಿತು. "ಹೊಡಿಯೂದಿದ್ರ ನನಗ ಮೊದಲ ಹೊಡಿ, ಕಲಿಸಿದಾಂವ ನಾನು" ಅಂದೆ. ಕೈ ಕೆಳಗಿಳಿಯಿತು.

ಮರುದಿನ ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿದೆವು. ತಂಬಾಕಿನ ಪಾಕೀಟಿನ ಮೇಲೆಯೇ ಈ ಸಂಖ್ಯೆ ಇರುತ್ತದೆ, ದುಡ್ಡು ಬೇಕಿಲ್ಲ. ಆಸೆ ಬಂದಾಗ ಸ್ವಲ್ಪ ಹೊತ್ತು ತಡೆದರೆ ಅದು ತಾನಾಗಿ ಇಳಿಯುತ್ತದೆ ಎಂದು ಹೇಳಿಕೊಟ್ಟರು. ನನಗದು ಐವತ್ತು ವರ್ಷದಲ್ಲಿ ಹೊಳೆದಿರಲಿಲ್ಲ.

ಈಗ ನಮ್ಮಿಬ್ಬರದೂ ಒಂದು ಖಾತೆ ಪುಸ್ತಕ ಇದೆ. ಎಡಪುಟ ನನ್ನದು, ಬಲಪುಟ ಅವನದು. ತಂಬಾಕಿಲ್ಲದ ದಿನಕ್ಕೆ ನೀಲಿ ಶಾಯಿ, ತಪ್ಪಿದ ದಿನಕ್ಕೆ ಕೆಂಪು. ಅವನ ಪುಟದಲ್ಲಿ ಎರಡು ಕೆಂಪು ಇವೆ. ನನ್ನ ಪುಟದಲ್ಲಿ ಹನ್ನೊಂದು. ಸಂಕ್ರಾಂತಿಯ ಸುಮಾರಿಗೆ ಒಂದು ಮದುವೆಯಲ್ಲಿ ಎಲೆ ತಟ್ಟೆ ಮುಂದೆ ಬಂದಾಗ ಕೈ ಸೋತಿತು. ಮೊಮ್ಮಗನೇ ಕೆಂಪು ಪೆನ್ನು ತಂದುಕೊಟ್ಟ. ಲೆಕ್ಕದಲ್ಲಿ ಸುಳ್ಳು ಬರೆದು ನನಗೆ ಅಭ್ಯಾಸವಿಲ್ಲ, ಬರೆದೆ. ಬಿಗಿದ ಬಾಯಿ ಮತ್ತೆ ಪೂರ್ತಿ ಸಡಿಲಾಗುವುದು ಕಷ್ಟ ಎಂದಿದ್ದಾರೆ ವೈದ್ಯರು. ಇನ್ನಷ್ಟು ಬಿಗಿಯದಿದ್ದರೆ ಸಾಕು.

ಶಾಲೆಯ ಮುಖ್ಯ ಗುರುಗಳಿಗೆ ಅರವತ್ತು ಹೆಜ್ಜೆಯ ಲೆಕ್ಕ ಬರೆದುಕೊಟ್ಟೆವು. ತಂಬಾಕು ಮುಕ್ತ ಶಾಲೆಯ ಮಾರ್ಗಸೂಚಿಯಲ್ಲಿ, ಶಾಲೆಯ ಎಲ್ಲೆಯಿಂದ ಅಳತೆ ಮಾಡಿ ರಸ್ತೆಯ ಮೇಲೆ ಹಳದಿ ಗೆರೆ ಎಳೆಯಬೇಕೆಂದಿದೆ. ಮಕ್ಕಳೇ ಬಣ್ಣ ಹಿಡಿದು ಎಳೆದರು. ಆ ಅಂಗಡಿಯಲ್ಲಿ ಈಗ ಮಾಲೆ ತೂಗುತ್ತಿಲ್ಲ. ಡಬ್ಬಿಯೊಳಗೆ ಇಟ್ಟಿದ್ದಾನೋ ಏನೋ. ಮಕ್ಕಳ ಕಣ್ಣಿನಿಂದಾದರೂ ದೂರವಾಯಿತು.

ನನ್ನ ವಾರಿಗೆಯ ಹಿರಿಯರಿಗೆ ಒಂದು ಮಾತು. ಮಕ್ಕಳಿಗೆ ತಂಬಾಕು ಕೊಡುವುದು 2015ರ ಬಾಲನ್ಯಾಯ ಕಾಯಿದೆಯಂತೆ ಏಳು ವರ್ಷದವರೆಗೆ ಸೆರೆಮನೆಗೆ ತಳ್ಳಬಹುದಾದ ಅಪರಾಧ. ಆದರೆ ಸೆರೆಮನೆಯ ಹೆದರಿಕೆಗೆ ನಾನಿದನ್ನು ಹೇಳುತ್ತಿಲ್ಲ. ನಿಮ್ಮ ಚಟ ಬಿಡಲಾಗದಿದ್ದರೆ ಬೇಡ, ತಂಬಾಕು ತರಲು ಮೊಮ್ಮಕ್ಕಳನ್ನು ಮಾತ್ರ ಓಡಿಸಬೇಡಿ. ನೀವೇ ನಡೆದು ಹೋಗಿ. ಅಂಗಡಿಯವನು ಮಗುವಿಗೆ "ಇಲ್ಲ" ಅಂದರೆ ಅವನ ಬೆನ್ನು ತಟ್ಟಿ.

ಮಕ್ಕಳೇ, ನಿಮಗೊಂದು ಕೆಲಸ. ಈ ವಾರಪತ್ರಿಕೆಯನ್ನು ಒಂದು ಗಳಿಗೆ ಬದಿಗಿಟ್ಟು ನಿಮ್ಮ ಅಜ್ಜ-ಅಜ್ಜಿಯ ಹತ್ತಿರ ಹೋಗಿ. ಕೈ ತೊಳೆದುಕೊಂಡು, ಬಾಯಿ ತೆರೆದು, ಮೂರು ಬೆರಳು ಹಾಕಿ ನೋಡಲು ಹೇಳಿ. ಮೂರೂ ಹೋದರೆ ನಗಿರಿ. ಹೋಗದಿದ್ದರೆ ಅವರ ಕೈ ಹಿಡಿದು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ನಾನು ಮೂರು ವರ್ಷ ಮುಚ್ಚಿಟ್ಟೆ. ನೀವು ಕೇಳಿದರೆ ಅವರು ಮುಚ್ಚಿಡಲಾರರು.